ರೂನ್ ದ್ವೀಪದ ಜಾಯಿಕಾಯಿಯೂ ಕುಡಿಯುವ ನೀರೂ

ನಮ್ಮ ಮನೆಗಳಲ್ಲಿ ಎಳೆಗೂಸಿಗೆ ಎಣ್ಣೆನೀರಾದ ಮೇಲೆ ತೇಯುವ ಕಲ್ಲನ್ನು ಮುಂದಿಟ್ಟುಕೊಂಡು ಬಜೆ, ಅಳಲೇಕಾಯಿ, ಮಾಚಿಕಾಯಿ, ಜಾಯಿಕಾಯಿಗಳನ್ನು ಒಂದೆರಡು ಸುತ್ತು ತೇಯ್ದು ಮಗುವಿನ ನಾಲಗೆಗೆ ಸವರುವ ಪದ್ಧತಿಯನ್ನು ಹಿರಿಯ ವಾಚಕರು ಬಲ್ಲರು. ನಮ್ಮ ತಾಯಿಯವರ ಕಾಲದಲ್ಲಿ ಒಂದು ಜಾಯಿಕಾಯಿ ಮೂರು ಮಕ್ಕಳನ್ನು ಸಾಕುತ್ತಿತ್ತು. ತೇಯ್ದು ತೇಯ್ದು ಒಂದು ಮಗ್ಗುಲು ಚಪ್ಪಟೆಯಾದ ಆ ಕಾಯಿ ಮರದ ಸಂಬಾರದ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಉಳಿಯುತ್ತಿತ್ತು. ಮುಂದೆ ನಾನು ಪಾಠಶಾಲೆಗೆ ಸೇರಿ ಅಮರಕೋಶವನ್ನು ಕಂಠಪಾಠ ಮಾಡುವಾಗ ಜಾತೀಫಲವೆಂದೂ ಜಾತೀಕೋಶವೆಂದೂ ಇದಕ್ಕೆ ಹೆಸರುಗಳಿರುವುದನ್ನು ಕಲಿತೆನು. ಗುರುಗಳು ಪರ್ಯಾಯಪದಗಳನ್ನು ಒಪ್ಪಿಸಿಕೊಂಡರು; ನಾನು ಒಪ್ಪಿಸಿದೆನು. ಆ ಕಾಯಿ ಯಾವ ದೇಶದ್ದೆಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಆಮೇಲೆ ನಾನೇ ಉಪಾಧ್ಯಾಯನಾದೆನಷ್ಟೆ. ಹುಡುಗರಲ್ಲಿ ಯಾರಾದರೂ ಚುರುಕಾದವರು ಕೇಳಿದರೆ, "ಮಲೆಯಾಳ ದೇಶದಲ್ಲಿ ಬೆಳೆಯುತ್ತದೆ" ಎಂದು ಧೈರ್ಯವಾಗಿ ಹೇಳಿಬಿಡುತ್ತಿದ್ದೆನು. ಅದು ಪೂರ್ತಿ ಸುಳ್ಳಲ್ಲ. ಕೇರಳದಲ್ಲಿಯೂ, ನಮ್ಮ ಉತ್ತರ ಕನ್ನಡ, ದಕ್ಷಿಣ ಕನ್ನಡ ಜಿಲ್ಲೆಗಳ ಅಡಿಕೆ ತೋಟಗಳಲ್ಲಿಯೂ ಈಗ ಜಾಯಿಕಾಯಿಯ ಮರಗಳುಂಟು. ಶಿರಸಿ ಸಿದ್ದಾಪುರಗಳ ಜೌಗು ಕಾಡುಗಳಲ್ಲಿ ರಾಮಪತ್ರೆಯೆಂಬ ಅದರ ದಾಯಾದಿಯೂ ಹುಟ್ಟಿನಿಂದಲೇ ಬೆಳೆದಿದೆ. ಆದರೆ ಅಮರಸಿಂಹನು ಹೆಸರಿಸಿದ ಜಾತೀಫಲ ಇಲ್ಲಿಯದಲ್ಲ. ನಿವೃತ್ತನಾದ ಮೇಲೆ ಮೊಮ್ಮಗಳು ಭೂಪಟದ ಪುಸ್ತಕವನ್ನು ಬಿಡಿಸಿಕೊಂಡು ಕುಳಿತು ಅದೇ ಪ್ರಶ್ನೆಯನ್ನು ಕೇಳಿದಾಗ, ಹಳೆಯ ಉತ್ತರವನ್ನೇ ಹೇಳಲು ಬಾಯಿ ತೆರೆದವನು ಯಾಕೋ ತಡೆದೆನು. ಅಂದಿನಿಂದ ಓದಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಆ ದ್ವೀಪಗಳನ್ನು ಕಣ್ಣಾರೆ ಕಂಡವನಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುವೆನು.

ಸಿಂಹಳವನ್ನು ದಾಟಿ ಮೂಡಲಾಗಿ ಹೋದರೆ ಸುಮಾತ್ರಾ, ಜಾವಾ, ಆಮೇಲೆ ಸುಲವೇಸಿ. ಅದರಾಚೆ ಮಲುಕು ದ್ವೀಪಸ್ತೋಮ. ಅಲ್ಲಿ ಸೆರಾಮ್ ಎಂಬ ದೊಡ್ಡ ದ್ವೀಪದ ದಕ್ಷಿಣಕ್ಕೆ, ಆಳವಾದ ಸಮುದ್ರದ ನಡುವೆ, ಹಿಡಿ ಸಾಸಿವೆ ಎರಚಿದಂತೆ ಹತ್ತು ಹನ್ನೊಂದು ಪುಟ್ಟ ದ್ವೀಪಗಳಿವೆ. ಇವೇ ಬಾಂಡಾ ದ್ವೀಪಗಳು. ಈಗ ಇಂಡೋನೇಷ್ಯ ರಾಜ್ಯಕ್ಕೆ ಸೇರಿದವು. ನಡುವೆ ಗುನುಂಗ್ ಆಪಿ, ಎಂದರೆ ಬೆಂಕಿಬೆಟ್ಟ, ಸುಮಾರು ೬೫೦ ಮೀಟರು ಎತ್ತರಕ್ಕೆ ಸಮುದ್ರದಿಂದಲೇ ಎದ್ದು ನಿಂತಿದೆ. ೧೯೮೮ರಲ್ಲಿಯೂ ಅದು ಉರಿ ಕಾರಿತು. ಅದರ ಬುಡದಲ್ಲಿ ನೈರಾ, ಎದುರಿಗೆ ಎಲ್ಲಕ್ಕಿಂತ ದೊಡ್ಡದಾದ ಲೋಂತೋರ್. ಇವುಗಳಿಂದ ಪಡುವಲಿಗೆ ದೋಣಿಯಲ್ಲಿ ಹೋದರೆ ಮೊದಲು ಆಯ್, ಕಟ್ಟಕಡೆಯಲ್ಲಿ ರೂನ್. ರೂನಿನ ಉದ್ದ ಸುಮಾರು ಮೂರು ಕಿಲೋಮೀಟರು. ಅಗಲ ಒಂದು ಕಿಲೋಮೀಟರೂ ಇಲ್ಲ. ನಮ್ಮ ಕಡೆಯ ಒಂದು ದೊಡ್ಡ ಕೆರೆಯ ಏರಿಯ ಮೇಲೆ ನಡೆದಷ್ಟು ಹೊತ್ತಿನಲ್ಲಿ ಈ ತುದಿಯಿಂದ ಆ ತುದಿಗೆ ಹೋಗಿಬಿಡಬಹುದು. ಸೌಗಂಧದ ಮರಕ್ಕೆ ಬೇಕಾದ ಮಣ್ಣು, ಮಳೆ, ನೆರಳು ಎಲ್ಲವನ್ನೂ ದೇವರು ಅಲ್ಲಿ ಇಟ್ಟನು. ಕುಡಿಯುವ ನೀರಿನ ಒರತೆಯೊಂದನ್ನು ಮಾತ್ರ ಇಡಲಿಲ್ಲ. ಈ ಕೊರತೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ರೂನಿನ ಕಥೆಯಲ್ಲಿ ಅದು ಮತ್ತೆ ಮತ್ತೆ ಬರುತ್ತದೆ.

ಹದಿನೆಂಟನೆಯ ಶತಮಾನದ ಉತ್ತರಾರ್ಧದವರೆಗೆ ಜಗತ್ತಿಗೆಲ್ಲ ಜಾಯಿಕಾಯಿಯೂ ಜಾಪತ್ರೆಯೂ ಬರುತ್ತಿದ್ದುದು ಈ ಕೆಲವು ದ್ವೀಪಗಳಿಂದಲೇ. ಅಲ್ಲಿಯ ಜನ ಮಲಾಯಿ ಭಾಷೆಯಲ್ಲಿ ಜಾಯಿಕಾಯಿಯನ್ನು "ಪಾಲಾ" ಎನ್ನುವರು. ಇದು ನಮ್ಮ ಸಂಸ್ಕೃತದ "ಫಲ" ಶಬ್ದವೇ. ಹಳೆಯ ವರ್ತಕರ ಬಾಯಲ್ಲಿ ಜಾತಿ ಉದುರಿ ಫಲ ಉಳಿದುಕೊಂಡಿತು. ಹಳ್ಳಿಗೆ ಅವರು ಹೇಳುವ "ದೇಸಾ" ಎಂಬ ಮಾತು "ದೇಶ"ವೆಂಬುದೂ, ಗ್ರಾಮಮುಖ್ಯನಿಗೆ ಇರುವ "ಕೆಪಾಲಾ ದೇಸಾ" ಎಂಬ ಹೆಸರಿನಲ್ಲಿ "ಕಪಾಲ" ಅಡಗಿರುವುದೂ ತಿಳಿದಾಗ, ಅರುವತ್ತು ದಾಟಿದ ಈ ವಯಸ್ಸಿನಲ್ಲಿಯೂ ನನಗೆ ವಿದ್ಯಾರ್ಥಿಯ ಸಂತೋಷವಾಯಿತು. ನಮ್ಮ ಮಾತು ಅಷ್ಟು ದೂರ ಹೋಗಿತ್ತು. ನಾವು ಮಾತ್ರ ಆ ಊರನ್ನು ಮರೆತುಬಿಟ್ಟಿದ್ದೆವು.

ಆ ಮರದ ವಿಚಾರವನ್ನು ಸ್ವಲ್ಪ ಹೇಳದಿದ್ದರೆ ಮುಂದಿನ ಕಥೆ ಅರ್ಥವಾಗಲಾರದು. ಜಾಯಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ನೆಟ್ಟು ಏಳೆಂಟು ವರ್ಷವಾಗುವವರೆಗೆ ಯಾವುದು ಯಾವುದೆಂದು ತಿಳಿಯುವುದು ಕಷ್ಟ. ಫಸಲು ತುಂಬಿ ಬರಬೇಕಾದರೆ ಇಪ್ಪತ್ತು ವರ್ಷಗಳು ಸಲ್ಲುತ್ತವೆ. ಬಿಸಿಲಿನ ಝಳ, ಕಡಲ ಗಾಳಿ ಎರಡನ್ನೂ ಅದು ತಡೆಯದು. ಆದಕಾರಣ ಕೆನಾರಿ ಎಂಬ ಹೆಮ್ಮರಗಳ ನೆರಳಿನಲ್ಲಿ ಅದನ್ನು ಬೆಳೆಸುವರು. ಕೆನಾರಿಯ ಬೀಜ ಬಾದಾಮಿಯಂತೆ ತಿನ್ನಲು ಬರುತ್ತದೆ. ಹಣ್ಣು ನೋಡುವುದಕ್ಕೆ ಹಳದಿಯ ಸಣ್ಣ ಪೇರಲೆಯಂತೆ. ಪಕ್ವವಾದಾಗ ತಾನಾಗಿ ಎರಡು ಹೋಳಾಗಿ ಬಿರಿಯುತ್ತದೆ. ಒಳಗೆ ಕಪ್ಪು ಚಿಪ್ಪಿನ ಬೀಜ, ಅದರ ಮೇಲೆ ರಕ್ತವರ್ಣದ ಬಲೆಯಂತೆ ಸುತ್ತಿಕೊಂಡ ಜಾಪತ್ರೆ. ಉದ್ದನೆಯ ಬಿದಿರಿನ ಗಳುವಿಗೆ ತುದಿಯಲ್ಲಿ ಸಣ್ಣ ಬುಟ್ಟಿಯನ್ನೂ ಕೊಕ್ಕೆಯನ್ನೂ ಕಟ್ಟಿ ಹಣ್ಣನ್ನು ನೆಲಕ್ಕೆ ಬೀಳಿಸದೆ ಕೀಳುವರು. ಈ ಸಾಧನಕ್ಕೆ ಗಾಯ್-ಗಾಯ್ ಎಂದು ಹೆಸರು. ಜಾಪತ್ರೆಯನ್ನು ಬಿಡಿಸಿ ಬಿಸಿಲಿಗೆ ಹಾಕಿದರೆ ಅದರ ಕೆಂಪು ಹೋಗಿ ಕೇಸರಿ ಹಳದಿಗೆ ತಿರುಗುತ್ತದೆ. ಬೀಜವನ್ನು ಹೊಗೆಮನೆಯಲ್ಲಿ ಮಂದವಾದ ಬೆಂಕಿಯ ಮೇಲೆ ವಾರಗಟ್ಟಲೆ ಒಣಗಿಸಬೇಕು. ಚಿಪ್ಪನ್ನು ಅಲುಗಿಸಿದರೆ ಒಳಗೆ ತಿರುಳು ಗಲಗಲ ಎಂದಾಗ ಒಣಗಿತೆಂದು ಲೆಕ್ಕ. ಉಳಿದ ಹಣ್ಣಿನ ಸಿಪ್ಪೆಯನ್ನೂ ಅವರು ಬಿಸಾಡರು. ಸಕ್ಕರೆ ಹಾಕಿ ತಿಂಡಿ ಮಾಡುವರು. ನಾವು ಹಲಸಿನ ಹಣ್ಣಿಗೆ ತೋರಿಸುವ ಮಿತವ್ಯಯವನ್ನು ಅವರು ಇದಕ್ಕೆ ತೋರಿಸುತ್ತಾರೆ.

ಹೀಗೆ ಬದುಕೆಲ್ಲ ಮರವನ್ನು ನಂಬಿದವರಿಗೆ ಅನ್ನ ಎಲ್ಲಿಂದ ಬರಬೇಕು? ಅದು ಹೊರಗಿನಿಂದಲೇ ಬರುತ್ತಿತ್ತು. ಜಾವಾದಿಂದ ಅಕ್ಕಿ, ಸೆರಾಮಿನಿಂದ ಸಾಗುವಿನ ಹಿಟ್ಟು, ಗುಜರಾತ ಮತ್ತು ಚೋಳಮಂಡಲ ತೀರಗಳಿಂದ ನಮ್ಮ ನೇಕಾರರ ಬಟ್ಟೆ ಮಲಾಕಾದ ಮಾರ್ಗವಾಗಿ ಹೋಗಿ ಅಲ್ಲಿ ಜಾಯಿಕಾಯಿಗೆ ವಿನಿಮಯವಾಗುತ್ತಿದ್ದವು. ಬಾಂಡಾದವರಿಗೆ ಅರಸರಿರಲಿಲ್ಲ. ಓರಾಂಗ್ ಕಾಯಾ ಎಂಬ ಊರ ಹಿರಿಯರು, ಧನಿಕರು, ಕೂಡಿ ಕುಳಿತು ವ್ಯವಹಾರ ನಡೆಸುತ್ತಿದ್ದರು. ಯಾರಿಗೆ ಬೇಕಾದರೂ ಮಾರುವರು, ಯಾರಿಂದಲಾದರೂ ಕೊಳ್ಳುವರು. ೧೫೧೨ರಲ್ಲಿ ಪೋರ್ತುಗೀಜರು ಬಂದರು, ಕೊಂಡರು, ಹೋದರು. ಅವರಿಂದ ದೊಡ್ಡ ಕೇಡಾಗಲಿಲ್ಲ.

ಕೇಡು ಬಂದದ್ದು ಡಚ್ಚರಿಂದ. ೧೫೯೯ರಲ್ಲಿ ಅವರ ಮೊದಲ ಹಡಗುಗಳು ಬಂದವು. ೧೬೦೨ರಲ್ಲಿ ಅವರ ಈಸ್ಟ್ ಇಂಡಿಯಾ ಕಂಪೆನಿ ಸ್ಥಾಪಿತವಾಯಿತು. ತಮಗೊಬ್ಬರಿಗೇ ಮಾರಬೇಕು, ತಾವು ಹೇಳಿದ ಬೆಲೆಗೇ ಮಾರಬೇಕು ಎಂಬ ಕರಾರುಗಳಿಗೆ ಅವರು ಓರಾಂಗ್ ಕಾಯಾರಲ್ಲಿ ಕೆಲವರ ಸಹಿ ಹಾಕಿಸಿಕೊಂಡರು. ಸಹಿ ಹಾಕದವರು ಹಲವರಿದ್ದರು. ಹಾಕಿದವರಿಗೂ ಅದನ್ನು ನಡಸುವುದು ಸಾಧ್ಯವಿರಲಿಲ್ಲ. ಯಾಕೆಂದರೆ ಡಚ್ಚರು ತರುತ್ತಿದ್ದ ಉಣ್ಣೆಯ ಬಟ್ಟೆ ಆ ಸೆಕೆಯ ನಾಡಿನಲ್ಲಿ ಯಾರಿಗೆ ಬೇಕು? ಅಕ್ಕಿ ತರುವ ಜಾವಾದವನಿಗೆ ಜಾಯಿಕಾಯಿಯನ್ನು ಕೊಡಬೇಡಿರೆಂದರೆ ಉಪವಾಸ ಬೀಳಿರೆಂದಂತೆಯೇ ಆಯಿತು. ಕರಾರನ್ನು ಮುರಿದ ದ್ರೋಹಿಗಳೆಂದು ಡಚ್ಚರ ಕಾಗದಪತ್ರಗಳು ಇವರನ್ನು ದೂರುತ್ತವೆ. ಹಸಿದವನು ಅನ್ನದ ದೋಣಿಯನ್ನು ತಿರುಗಿಸಿ ಕಳುಹಿಸಲಿಲ್ಲವೆಂಬುದು ದ್ರೋಹವಾದರೆ ದ್ರೋಹವೇ ಸರಿ. ೧೬೦೯ರಲ್ಲಿ ನೈರಾದಲ್ಲಿ ಕೋಟೆ ಕಟ್ಟತೊಡಗಿದ ಡಚ್ ನೌಕಾಧಿಪತಿ ವರ್ಹೂವೆನ್ ಎಂಬವನನ್ನು ಮಾತುಕತೆಗೆಂದು ಕರೆದು ಅಲ್ಲಿಯವರು ಕೊಂದರು. ಇದೂ ನಿಜ, ಮುಚ್ಚಬೇಕಾಗಿಲ್ಲ. ಆ ತಂಡದಲ್ಲಿ ಯಾನ್ ಪೀಟರ್‌ಸೋನ್ ಕೂನ್ ಎಂಬ ತರುಣನೊಬ್ಬನಿದ್ದನು. ಅವನು ಇದನ್ನು ಮರೆಯಲಿಲ್ಲ.

ಈ ಹೊತ್ತಿಗೆ ಆಂಗ್ಲೇಯರ ಕಂಪೆನಿಯೂ ಆಯ್ ಮತ್ತು ರೂನ್ ದ್ವೀಪಗಳಲ್ಲಿ ವ್ಯಾಪಾರವನ್ನು ಹೂಡಿತ್ತು. ೧೬೧೬ರಲ್ಲಿ ಡಚ್ಚರು ಆಯ್ ದ್ವೀಪವನ್ನು ಗೆದ್ದರು. ಇನ್ನು ಉಳಿದುದು ರೂನ್. ಅದೇ ವರ್ಷ ದಶಂಬರದಲ್ಲಿ ನಥೇನಿಯಲ್ ಕೋರ್ಟ್‌ಹೋಪ್ ಎಂಬ ಆಂಗ್ಲೇಯನು ಎರಡು ಹಡಗುಗಳೊಡನೆ ಅಲ್ಲಿಗೆ ಬಂದನು. ರೂನಿನ ಹಿರಿಯರು ಡಚ್ಚರ ಭಯದಿಂದ ತಮ್ಮ ನೆಲವನ್ನು ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸನ ರಕ್ಷಣೆಗೆ ಒಪ್ಪಿಸಿದರು. ಅದರ ಕುರುಹಾಗಿ ಊರಿನ ಮಣ್ಣಿನ ಹೆಂಟೆಯಲ್ಲಿ ಬೇರೂರಿದ ಒಂದು ಜಾಯಿ ಸಸಿಯನ್ನು ಕೊಟ್ಟರು. ನನಗೆ ಈ ಕಥೆಯಲ್ಲೆಲ್ಲ ಮನಸ್ಸಿಗೆ ನಾಟಿದುದು ಈ ಸಸಿ. ಕೊಟ್ಟವರು ಅದರ ಬೆಲೆಯನ್ನು ತಿಳಿಯದೆ ಕೊಡಲಿಲ್ಲ. ಅವರಲ್ಲಿ ಕೊಡುವುದಕ್ಕೆ ಬೇರೇನೂ ಇರಲಿಲ್ಲ.

ಮುಂದಿನ ನಾಲ್ಕು ವರ್ಷ ಕೋರ್ಟ್‌ಹೋಪನೂ ಅವನ ಕೆಲವೇ ಜನರೂ ಆ ಊರಿನವರ ನೆರವಿನಿಂದ ಡಚ್ಚರ ದಿಗ್ಬಂಧನವನ್ನು ತಡೆದುಕೊಂಡರು. ಅವನ ಎರಡು ಹಡಗುಗಳೂ ಬೇಗನೆ ಡಚ್ಚರ ಕೈಸೇರಿದವು. ಒರತೆಯಿಲ್ಲದ ದ್ವೀಪವಾದುದರಿಂದ ಮಳೆಯ ನೀರೇ ಗತಿ. ಅಕ್ಕಿ ಬರುವ ದೋಣಿಗಳನ್ನು ಡಚ್ಚರು ತಡೆದರು. ಆಂಗ್ಲೇಯ ಗ್ರಂಥಕರ್ತರು ಕೋರ್ಟ್‌ಹೋಪನ ಸಾಹಸವನ್ನು ಬಹಳವಾಗಿ ಹೊಗಳಿದ್ದಾರೆ. ಹೊಗಳಿಕೆಗೆ ಅವನು ಅರ್ಹನೇ. ಆದರೆ ಅವನ ಜೊತೆಗೆ ಅದೇ ನೀರನ್ನು ಕುಡಿದು, ಅದೇ ಸಾಗುವಿನ ಹಿಟ್ಟನ್ನು ಪಾಲು ಮಾಡಿಕೊಂಡು, ಅವನಿಗೆ ಕಾವಲಿದ್ದ ರೂನಿನ ಜನರಲ್ಲಿ ಒಬ್ಬರ ಕಥೆಯನ್ನಾದರೂ ಅವರು ಹಾಗೆ ಹೇಳಿರುವುದನ್ನು ನಾನು ಕಾಣೆನು. ೧೬೨೦ರ ಅಕ್ಟೋಬರದಲ್ಲಿ ಕೋರ್ಟ್‌ಹೋಪನು ಸಣ್ಣ ದೋಣಿಯಲ್ಲಿ ಹೋಗುತ್ತಿದ್ದಾಗ ಡಚ್ಚರ ಗುಂಡಿಗೆ ಸಿಕ್ಕಿ ಕಡಲಿನಲ್ಲಿ ಮಡಿದನು.

ಮರುವರ್ಷ ಕೂನನು ಬಂದನು. ಈಗ ಅವನು ತರುಣ ಕರಣಿಕನಲ್ಲ. ಡಚ್ಚರ ಪೂರ್ವದೇಶಗಳಿಗೆಲ್ಲ ಮಹಾಮಂಡಲಾಧಿಪತಿ. ದೊಡ್ಡ ನೌಕಾಸೈನ್ಯದೊಡನೆ ಲೋಂತೋರನ್ನು ಮುತ್ತಿ ಹಿಡಿದನು. ೧೬೨೧ನೆಯ ಮೇ ೮ರಂದು ನೈರಾದ ಕೋಟೆಯ ಹೊರಗೆ ನಲವತ್ತನಾಲ್ಕು ಮಂದಿ ಓರಾಂಗ್ ಕಾಯಾರನ್ನು ಬಿದಿರಿನ ಆವರಣದೊಳಗೆ ಕೂಡಿ, ಕೂಲಿಗೆ ತಂದಿದ್ದ ಜಪಾನೀ ಸೈನಿಕರಿಂದ ಕತ್ತಿಯಲ್ಲಿ ಕಡಿಸಲಾಯಿತು. ಕಾಡುಬೆಟ್ಟಗಳಿಗೆ ಓಡಿದವರು ಹಸಿವಿನಿಂದ ಸತ್ತರು. ಹಲವರು ಬಂಡೆಗಳಿಂದ ಹಾರಿಕೊಂಡರು. ಸಿಕ್ಕಿದವರನ್ನು ದಾಸರನ್ನಾಗಿ ಬಟಾವಿಯಾಕ್ಕೆ ಸಾಗಿಸಿದರು. ಬಾಂಡಾದಲ್ಲಿ ಮೊದಲು ಸುಮಾರು ೧೫,೦೦೦ ಜನರಿದ್ದರೆಂದೂ ಕೊನೆಗೆ ಸುಮಾರು ೧,೦೦೦ ಮಂದಿ ಉಳಿದರೆಂದೂ ಚರಿತ್ರಕಾರರ ಅಂದಾಜು. ಕೂನನ ಕೆಲಸ ಅತಿಯಾಯಿತೆಂದು ಡಚ್ಚರಲ್ಲಿಯೇ ಕೆಲವರು ಆಗಲೇ ಬರೆದರು. ಆದರೂ ೧೮೯೩ರಲ್ಲಿ ಅವನ ಹುಟ್ಟೂರಾದ ಹೋರ್ನ್ ಪಟ್ಟಣದಲ್ಲಿ ಅವನಿಗೆ ಲೋಹದ ವಿಗ್ರಹವೆದ್ದಿತು.

ಜನರು ಹೋದರು, ಮರಗಳು ಉಳಿದವು. ಕಂಪೆನಿಯವರು ತೋಟಗಳನ್ನು ಅರುವತ್ತೆಂಟು ಭಾಗಗಳಾಗಿ ಮಾಡಿ ತಮ್ಮವರಿಗೆ ಹಂಚಿದರು. ಕೆಲಸಕ್ಕೆ ಪೂರ್ವದ್ವೀಪಗಳಿಂದಲೂ ಭಾರತದ ಕರಾವಳಿಗಳಿಂದಲೂ ದಾಸರನ್ನು ಹಿಡಿತರಿಸಿದರು. ಲೋಂತೋರಿನಲ್ಲಿ ಮೂವತ್ತನಾಲ್ಕು, ಆಯ್ ದ್ವೀಪದಲ್ಲಿ ಮೂವತ್ತೊಂದು, ನೈರಾದಲ್ಲಿ ಮೂರು: ಇದು ಆ ಭಾಗಗಳ ಲೆಕ್ಕ. ರೂನಿನ ಹೆಸರು ಇದರಲ್ಲಿ ಇಲ್ಲವೆಂಬುದನ್ನು ಗಮನಿಸಬೇಕು. ದೂರದ ರೂನನ್ನು ಕಾಯುವುದಕ್ಕಿಂತ ಬರಿದುಮಾಡುವುದು ಅಗ್ಗವೆಂದು ಕಂಡು ಅಲ್ಲಿಯ ಜಾಯಿ ಮರಗಳನ್ನೆಲ್ಲ ಕಡಿಸಿಬಿಟ್ಟರು. ಯಾವ ಮರಕ್ಕಾಗಿ ಊರು ಸತ್ತಿತೋ ಆ ಮರವೂ ಊರಿಗೆ ಉಳಿಯಲಿಲ್ಲ.

ಇನ್ನು ಆ ಪ್ರಸಿದ್ಧವಾದ ವಿನಿಮಯದ ಮಾತು. ರೂನಿನ ಹೆಸರನ್ನು ಕೇಳಿದವರು ಇದೊಂದಕ್ಕಾಗಿಯೇ ಕೇಳಿರುವರು: ಡಚ್ಚರು ಮ್ಯಾನ್‌ಹಟನ್ ದ್ವೀಪವನ್ನು, ಎಂದರೆ ಇಂದಿನ ನ್ಯೂಯಾರ್ಕ್ ಮಹಾನಗರದ ಹೃದಯಭಾಗವನ್ನು, ಆಂಗ್ಲೇಯರಿಗೆ ಕೊಟ್ಟು ಈ ಬೊಗಸೆಯಗಲದ ದ್ವೀಪವನ್ನು ತೆಗೆದುಕೊಂಡರಂತೆ. ಕಥೆ ಸೊಗಸಾಗಿದೆ, ಆದರೆ ನಡೆದುದು ಹಾಗೆ ನೆಟ್ಟಗಿಲ್ಲ. ರೂನನ್ನು ಹಿಂದಿರುಗಿಸಬೇಕೆಂದು ೧೬೫೪ರ ಸಂಧಿಯಲ್ಲಿಯೇ ನಿಶ್ಚಯವಾಗಿತ್ತು. ಡಚ್ಚರು ಹನ್ನೊಂದು ವರ್ಷ ನೆವಗಳನ್ನು ಹೇಳುತ್ತ ಬಂದು, ೧೬೬೫ರಲ್ಲಿ ಬರಡು ದ್ವೀಪವನ್ನು ಒಪ್ಪಿಸಿದರು. ಅದೇ ವರ್ಷ ಯುದ್ಧ ಹುಟ್ಟಿದ್ದರಿಂದ ಮತ್ತೆ ಕಿತ್ತುಕೊಂಡರು. ಅಷ್ಟರಲ್ಲಿ ೧೬೬೪ರಲ್ಲಿ ಆಂಗ್ಲೇಯರು ಅಮೆರಿಕದಲ್ಲಿದ್ದ ಡಚ್ಚರ ನ್ಯೂ ಆಮ್‌ಸ್ಟರ್‌ಡಾಮ್ ಪಟ್ಟಣವನ್ನು ಹಿಡಿದು ನ್ಯೂಯಾರ್ಕ್ ಎಂದು ಹೆಸರಿಟ್ಟಿದ್ದರು. ೧೬೬೭ರ ಜುಲೈ ೩೧ರಂದು ಬ್ರೇಡಾ ಎಂಬ ಊರಿನಲ್ಲಿ ಸಂಧಿಯಾದಾಗ, ಯುದ್ಧದಲ್ಲಿ ಯಾರು ಯಾವುದನ್ನು ಹಿಡಿದಿರುವರೋ ಅದು ಅವರಿಗೇ ಇರಲಿ ಎಂದು ತೀರ್ಮಾನಿಸಿದರು. ತಕ್ಕಡಿಯಲ್ಲಿಟ್ಟು ತೂಗಿ ಮಾಡಿದ ಅದಲುಬದಲಲ್ಲ ಅದು. ಡಚ್ಚರಿಗೆ ಆ ಸಂಧಿಯಿಂದ ಸಕ್ಕರೆ ಬೆಳೆಯುವ ಸುರಿನಾಮವೂ ದಕ್ಕಿತು. ಅವರ ಸಂತೋಷದಲ್ಲಿ ಅದರ ಪಾಲೂ ದೊಡ್ಡದೇ. ಅಲ್ಲದೆ ೧೬೭೩ರಲ್ಲಿ ಡಚ್ಚರು ನ್ಯೂಯಾರ್ಕನ್ನು ಮತ್ತೆ ಹಿಡಿದು ೧೬೭೪ರಲ್ಲಿ ಬಿಟ್ಟುಕೊಟ್ಟದ್ದೂ ಉಂಟು.

ಈ ತಿದ್ದುಪಡಿಯಿಂದ ಕಥೆಯ ರುಚಿ ಕೆಟ್ಟಿತೆಂದು ವಾಚಕರು ಬೇಸರಪಡಬಾರದು. ಬ್ರೇಡಾದ ಮೇಜಿನ ಸುತ್ತ ಕುಳಿತವರಲ್ಲಿ ರೂನಿನವರು ಯಾರೂ ಇರಲಿಲ್ಲ. ಮ್ಯಾನ್‌ಹಟನ್ನಿನ ಮೂಲನಿವಾಸಿಗಳೂ ಯಾರೂ ಇರಲಿಲ್ಲ. ಯಾವ ದ್ವೀಪ ಲಾಭದ್ದು, ಯಾವುದು ನಷ್ಟದ್ದು ಎಂದು ಮುನ್ನೂರೈವತ್ತು ವರ್ಷ ನಗುತ್ತ ಲೆಕ್ಕ ಹಾಕಿದವರು ಈ ಒಂದು ವಿಷಯವನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಕಡಮೆ.

ತರುವಾಯದ ಚರಿತ್ರೆಯನ್ನು ಬೇಗ ಹೇಳಿ ಮುಗಿಸುವೆನು. ಡಚ್ಚರು ಬೀಜ ಮೊಳೆಯದಿರಲೆಂದು ಜಾಯಿಕಾಯಿಯನ್ನು ಸುಣ್ಣದಲ್ಲಿ ಅದ್ದಿ ಮಾರುತ್ತಿದ್ದರು. ಆದರೂ ಗುಟ್ಟು ಉಳಿಯಲಿಲ್ಲ. ೧೭೭೦ರ ಸುಮಾರಿಗೆ ಪಿಯರ್ ಪ್ವಾವ್ರ್ ಎಂಬ ಫ್ರೆಂಚನ ಪ್ರಯತ್ನದಿಂದ ಸಸಿಗಳು ಮಾರಿಷಸ್ಸಿಗೆ ಹೋದವು. ೧೭೭೮ರ ಏಪ್ರಿಲ್ ೨ರಂದು ಭೂಕಂಪ, ಅಗ್ನಿಪರ್ವತ, ಸಮುದ್ರದುಬ್ಬರ, ಬಿರುಗಾಳಿ ನಾಲ್ಕೂ ಒಂದೇ ದಿನ ಕೂಡಿ ಬಾಂಡಾದ ತೋಟಗಳನ್ನು ಹಾಳುಗೆಡವಿದವು. ೧೭೯೬ರಿಂದ ೧೮೧೭ರೊಳಗೆ ಎರಡು ಸಲ ಆಂಗ್ಲೇಯರು ಬಾಂಡಾವನ್ನು ಆಳಿದಾಗ ಗಿಡಗಳನ್ನು ಪಿನಾಂಗು, ಬೆಂಕೂಲೆನ್, ಸಿಂಹಳಗಳಿಗೆ ಸಾಗಿಸಿದರು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳ ಈ ಸಾಗಾಟದಿಂದಲೇ ಜಾಯಿ ನಮ್ಮ ಮಲೆಯಾಳಕ್ಕೂ ಬಂದಿತು. ನನ್ನ ತಪ್ಪು ಉತ್ತರದ ಬೇರು ಇಲ್ಲಿದೆ. ೧೮೪೩ರಲ್ಲಿ ಅದು ಅಟ್ಲಾಂಟಿಕದಾಚೆಯ ಗ್ರೆನೇಡಾಕ್ಕೆ ಹೋಯಿತು. ೧೯೭೪ರಲ್ಲಿ ಸ್ವತಂತ್ರವಾದ ಆ ದೇಶದ ಬಾವುಟದ ಮೇಲೆ ಜಾಯಿಕಾಯಿಯ ಚಿತ್ರವಿದೆ. ಮರದ ತವರು ಬಾಂಡಾ, ಬಾವುಟ ಗ್ರೆನೇಡಾದ್ದು. ೧೮೬೦ರಲ್ಲಿ ಡಚ್ಚರ ಪೂರ್ವದೇಶಗಳಲ್ಲಿ ದಾಸ್ಯ ನಿಂತುಹೋಯಿತು, ಅದರ ಬೆನ್ನಿಗೇ ಜಾಯಿಯ ಏಕಸ್ವಾಮ್ಯವೂ ಹೋಯಿತು. ಮುಂದೆ ರೂನಿನಲ್ಲಿ ಮತ್ತೆ ಜಾಯಿ ಮರಗಳೆದ್ದವು. ಹೊಸ ಕೂಲಿಗಾರರು ಜಾವಾದಿಂದ ಬಂದರು. ಸುಲವೇಸಿಯ ಆಗ್ನೇಯದ ಬುತೋನ್ ದ್ವೀಪದಿಂದ ನಾವಿಕರೂ ಬೆಸ್ತರೂ ಬಂದು ನೆಲೆಸಿದರು. ಇಂದು ರೂನಿನಲ್ಲಿರುವವರು ಬಹುತೇಕ ಇವರ ಸಂತಾನ.

ಹಳೆಯ ರೂನಿನವರು, ಹಳೆಯ ಬಾಂಡಾದವರು, ಪೂರ್ತಿಯಾಗಿ ಅಳಿದರೇ ಎಂದರೆ ಇಲ್ಲ. ೧೬೨೧ರ ಕೇಡಿನಿಂದ ದೋಣಿಗಳಲ್ಲಿ ತಪ್ಪಿಸಿಕೊಂಡವರು ಆಗ್ನೇಯದ ಕೇಯ್ ದ್ವೀಪಗಳನ್ನು ಸೇರಿ ಅಲ್ಲಿ ಬಾಂಡಾ ಎಲಿ, ಬಾಂಡಾ ಎಲಾತ್ ಎಂಬ ಎರಡು ಹಳ್ಳಿಗಳನ್ನು ಕಟ್ಟಿಕೊಂಡರು. ಬಾಂಡಾದ ಮೂಲಭಾಷೆ ಬಾಂಡಾದಲ್ಲಿ ಸತ್ತಿದೆ. ಆ ಎರಡು ಹಳ್ಳಿಗಳಲ್ಲಿ ಮಾತ್ರ ಇಂದಿಗೂ ಅದನ್ನಾಡುತ್ತಾರೆ. ವ್ಯಾಕರಣವನ್ನು ಕಲಿಸಿ ಹೊಟ್ಟೆ ಹೊರೆದ ನನ್ನಂಥವನಿಗೆ ಇದನ್ನು ಓದಿದ ರಾತ್ರಿ ಬಹು ಹೊತ್ತು ನಿದ್ರೆ ಬರಲಿಲ್ಲ. ಮರಕ್ಕೆ ಹೊಸ ಮಣ್ಣು ಹಿಡಿಯಲು ಏಳೆಂಟು ವರ್ಷ ಸಾಕು. ನಾನೂರು ವರ್ಷ ಇನ್ನೊಬ್ಬರ ನೆಲದಲ್ಲಿ ತಾಯಿಯಿಂದ ಮಗುವಿಗೆ ಒಂದು ಭಾಷೆಯನ್ನು ದಾಟಿಸುತ್ತ ಬಂದವರ ಛಲ ಎಂಥದಿರಬೇಕು!

ಈಗ ರೂನಿನ ಇಂದಿನ ಬಾಳನ್ನು ನೋಡೋಣ. ದ್ವೀಪಕ್ಕೆಲ್ಲ ಒಂದೇ ಗ್ರಾಮ. ಕಡಲ ದಂಡೆಯಿಂದ ಗುಡ್ಡದ ಮಗ್ಗುಲಿಗೆ ಮನೆಗಳು ಏರಿಹೋಗಿವೆ. ತೋಟಗಳು ಮೇಲೆ, ದೋಣಿಗಳು ಕೆಳಗೆ. ಒಂದು ತುದಿಯಲ್ಲಿ ನೈಲಕಾ ಎಂಬ ಮರಳಿನ ತಿಟ್ಟು. ಕಡಲಿನ ಇಳಿತ ಹೆಚ್ಚಾದಾಗ ಅಲ್ಲಿಗೆ ನಡೆದೇ ಹೋಗಬಹುದು. ಆಂಗ್ಲೇಯರ ಹಳೆಯ ಕಾವಲು ಅಲ್ಲಿಯೂ ಇತ್ತು. ಪ್ರಾಂತದ ಮುಖ್ಯ ಪಟ್ಟಣವಾದ ಅಂಬೋನಿನಿಂದ ನೈರಾಕ್ಕೆ ಹಡಗಿನಲ್ಲಿ ಹೆಚ್ಚುಕಡಮೆ ಒಂದು ರಾತ್ರಿಯ ಪ್ರಯಾಣ. ನೈರಾದಿಂದ ರೂನಿಗೆ ಮರದ ದೋಣಿಯಲ್ಲಿ ಸುಮಾರು ಎರಡು ಗಂಟೆ. ಗಾಳಿ ಎದ್ದ ತಿಂಗಳುಗಳಲ್ಲಿ ಈ ಲೆಕ್ಕ ನಡೆಯದು. ದೋಣಿ ಹೊರಡದಿದ್ದರೆ ಪೇಟೆಯಿಲ್ಲ, ಔಷಧವಿಲ್ಲ, ಕಾಗದವಿಲ್ಲ. ಈ ಶತಮಾನದ ಎರಡನೆಯ ದಶಕದಲ್ಲಿ ಹೋಗಿ ಬಂದವರು ವಿದ್ಯುದ್ದೀಪ ಅಲ್ಲಿ ಸಂಜೆಯ ಕೆಲವು ಗಂಟೆ ಮಾತ್ರ ಉರಿಯುತ್ತಿತ್ತೆಂದು ಬರೆದಿದ್ದಾರೆ. ನೀರಿನ ಸಂಗತಿ ಕೋರ್ಟ್‌ಹೋಪನ ಕಾಲದಿಂದ ಬದಲಾಗಿಲ್ಲವೆಂದರೂ ಸಲ್ಲುತ್ತದೆ. ಮಾಡಿನಿಂದಿಳಿದ ಮಳೆನೀರನ್ನು ತೊಟ್ಟಿಗಳಲ್ಲಿ ಹಿಡಿದಿಟ್ಟುಕೊಂಡು ಜನರು ಬಾಳುತ್ತಾರೆ. ಮಳೆ ತಪ್ಪಿದ ವರ್ಷ ನೆರೆಯ ದ್ವೀಪಗಳಿಂದ ದೋಣಿಯಲ್ಲಿ ಡಬ್ಬಗಳನ್ನು ತುಂಬಿ ತರಬೇಕು. ಲೋಂತೋರಿನವರಿಗೆ ಗುಡ್ಡದ ಮೇಲೆ ಪವಿತ್ರವಾದ ಹಳೆಯ ಬಾವಿಯೊಂದಿದೆ. ಸುಮಾರು ಹತ್ತು ವರ್ಷಕ್ಕೊಮ್ಮೆ ಊರೆಲ್ಲ ಕೂಡಿ ಅದನ್ನು ತೊಳೆದು ಉತ್ಸವ ಮಾಡುವರು. ರೂನಿನವರಿಗೆ ತೊಳೆಯುವುದಕ್ಕೆ ಅಂಥ ಬಾವಿಯಿಲ್ಲ.

ಆದಾಯಕ್ಕೆ ಎರಡು ದಾರಿ. ಒಂದು ಜಾಯಿ, ಒಂದು ಮೀನು. ಸುತ್ತಲ ಆಳವಾದ ಕಡಲಿನಲ್ಲಿ ಟ್ಯೂನಾ ಮೀನು ಸಿಕ್ಕುತ್ತದೆ, ಗಾಳದಿಂದಲೇ ಹಿಡಿಯುವರು. ಅದಕ್ಕೆ ಹೊರದೇಶಗಳಲ್ಲಿ ಒಳ್ಳೆಯ ಬೆಲೆಯುಂಟು. ಆದರೆ ಮಂಜುಗಡ್ಡೆ ಬೇಕು. ಮಂಜುಗಡ್ಡೆಗೆ ವಿದ್ಯುತ್ತೂ ಸಿಹಿನೀರೂ ಬೇಕು. ಜಾಯಿಯ ಬೆಲೆಯನ್ನು ಹಳ್ಳಿಯವರು ಹೇಳುವುದಿಲ್ಲ, ವರ್ತಕನು ಹೇಳುತ್ತಾನೆ. ವರ್ತಕನಿಗೆ ಇನ್ನೆಲ್ಲಿಂದಲೋ ಹೇಳುತ್ತಾರೆ. ಇದರ ಮೇಲೆ ಯೂರೋಪಿನ ರಾಜ್ಯಗಳು, ಸರಿಯಾಗಿ ಒಣಗದ ಕಾಯಿಯಲ್ಲಿ ಬೂಷ್ಟಿನ ವಿಷ ಸೇರುವುದೆಂದು ಕಂಡು, ಇಂಡೋನೇಷ್ಯದ ಜಾಯಿಕಾಯಿಗೆ ಕಠಿನವಾದ ತಪಾಸಣೆಯ ನಿಯಮಗಳನ್ನು ವಿಧಿಸಿವೆ. ಆ ನಿಯಮ ಅನ್ಯಾಯವೆಂದು ನಾನು ಹೇಳಲಾರೆನು. ತಿನ್ನುವವನ ಆರೋಗ್ಯ ದೊಡ್ಡದು. ಹಳೆಯ ಹೊಗೆಮನೆಯಲ್ಲಿ ವಾರಗಟ್ಟಲೆ ಕಾಯುತ್ತಿದ್ದವನ ತಾಳ್ಮೆಗೆ ಬೆಲೆಯಿದ್ದಿದ್ದರೆ ಅವಸರದ ಬಿಸಿಲಿಗೆ ಅವನು ಕಾಯಿಯನ್ನು ಹರಡುತ್ತಿರಲಿಲ್ಲವೆಂದು ಮಾತ್ರ ಹೇಳಬಲ್ಲೆನು. ಒಳ್ಳೆಯ ಒಣಗುಮನೆ, ಒಂದು ಮಂಜುಗಡ್ಡೆಯ ಯಂತ್ರ, ಭದ್ರವಾದ ನೀರಿನ ತೊಟ್ಟಿಗಳು, ಗಾಳಿಗೆ ಹೆದರದ ಒಂದು ದೋಣಿ: ರೂನಿನ ಭವಿಷ್ಯವನ್ನು ಕುರಿತು ನನ್ನ ಅಲ್ಪಮತಿಗೆ ತೋರುವುದು ಇಷ್ಟೇ. ಇವೆಲ್ಲದರ ಖರ್ಚು ಒಂದು ನಗರದ ಒಂದು ರಸ್ತೆಯ ಖರ್ಚಿಗಿಂತ ಹೆಚ್ಚಾಗದೆಂದು ನನ್ನ ಭಾವನೆ.

ಪ್ರವಾಸಿಗಳಿಂದ ಊರು ಉದ್ಧಾರವಾಗುವುದೆಂದು ಈಚೆಗೆ ಹಲವರು ಹೇಳುವರು. ಬಾಂಡಾ ದ್ವೀಪಗಳನ್ನು ಲೋಕದ ಪರಂಪರೆಯ ಸ್ಥಳಗಳಲ್ಲಿ ಸೇರಿಸಬೇಕೆಂದು ಇಂಡೋನೇಷ್ಯ ಸರ್ಕಾರವು ೨೦೧೫ರಲ್ಲಿ ಯುನೆಸ್ಕೋ ಸಂಸ್ಥೆಯ ಸೂಚಿತ ಪಟ್ಟಿಗೆ ಹೆಸರನ್ನು ಕೊಟ್ಟಿದೆ. ಹವಳದ ಬಂಡೆಗಳನ್ನು ನೋಡಲು ಮುಳುಗುಗಾರರು ಬರುತ್ತಾರೆ. ಬರಲಿ. ಆದರೆ ಬಂದವನು ದಿನಕ್ಕೆರಡು ಸಲ ಸ್ನಾನ ಮಾಡುವನಲ್ಲವೆ? ಅವನ ಸ್ನಾನದ ನೀರು ಯಾರ ತೊಟ್ಟಿಯದೆಂದು ಮೊದಲೇ ಕೇಳಿಕೊಂಡರೆ ಒಳ್ಳೆಯದು.

ವಿದ್ಯೆಯ ಮಾತನ್ನು ಬಿಟ್ಟರೆ ಉಪಾಧ್ಯಾಯನ ಲೇಖನವಾಗದು. ೧೯೩೬ರಲ್ಲಿ ಡಚ್ಚರು ಮೊಹಮ್ಮದ್ ಹಟ್ಟಾ, ಸುತಾನ್ ಶಹರೀರ್ ಎಂಬ ಇಬ್ಬರು ರಾಷ್ಟ್ರನಾಯಕರನ್ನು ಗಡಿಪಾರು ಮಾಡಿ ನೈರಾದಲ್ಲಿ ಇರಿಸಿದರು. ಮುಂದೆ ಒಬ್ಬರು ಸ್ವತಂತ್ರ ಇಂಡೋನೇಷ್ಯದ ಉಪಾಧ್ಯಕ್ಷರೂ ಇನ್ನೊಬ್ಬರು ಪ್ರಧಾನಿಯೂ ಆದವರು. ೧೯೪೨ರವರೆಗೆ, ಆರು ವರ್ಷ, ಅವರು ಅಲ್ಲಿದ್ದರು. ಹಟ್ಟಾರವರು ಪೆಟ್ಟಿಗೆಗಟ್ಟಲೆ ಪುಸ್ತಕಗಳನ್ನು ಒಯ್ದಿದ್ದರು. ಇಬ್ಬರೂ ಊರ ಮಕ್ಕಳನ್ನು ಸಾಯಂಕಾಲ ಕೂಡಿಸಿಕೊಂಡು ಪಾಠ ಹೇಳಿದರು. ಸರಕಾರ ಶಿಕ್ಷೆಯೆಂದು ಕಳುಹಿಸಿದ ಸ್ಥಳದಲ್ಲಿ ಶಾಲೆ ಹುಟ್ಟಿತು. ಇಂದು ಆ ದ್ವೀಪಗಳಲ್ಲೊಂದಕ್ಕೆ ಹಟ್ಟಾ ಎಂದೂ ಇನ್ನೊಂದಕ್ಕೆ ಶಹರೀರ್ ಎಂದೂ ಹೆಸರು. ರೂನಿನ ಮಕ್ಕಳಿಗೆ ಪ್ರಾರಂಭದ ಓದು ಊರಿನಲ್ಲಿಯೇ ಆಗುತ್ತದೆ. ದೊಡ್ಡ ಓದಿಗೆ ನೈರಾಕ್ಕೋ ಅಂಬೋನಿಗೋ ದೋಣಿ ಹತ್ತಬೇಕು. ಹೀಗೆ ಹತ್ತಿದವರಲ್ಲಿ ಎಷ್ಟೋ ಮಂದಿ ಅಲ್ಲಿಯೇ ಉಳಿಯುವರು. ನಮ್ಮ ಮಲೆನಾಡಿನ ಹಳ್ಳಿಗಳಲ್ಲಿ ಹೆಂಚಿನ ಮನೆಗಳಿಗೆ ಬೀಗ ಬಿದ್ದಿರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟನ್ನು ಓದಿಕೊಂಡ ಮೇಲೆ ನಾನು ಮೊಮ್ಮಗಳನ್ನು ಕರೆದು ಭೂಪಟದಲ್ಲಿ ರೂನನ್ನು ತೋರಿಸಹೋದೆನು. ನಮ್ಮ ಮನೆಯ ಪಟದಲ್ಲಿ ಬಾಂಡಾ ಸಮುದ್ರವಿತ್ತು, ರೂನ್ ಇರಲಿಲ್ಲ; ಅಚ್ಚು ಹಾಕಿದವರಿಗೆ ಅಷ್ಟು ಸಣ್ಣ ಚುಕ್ಕೆ ಸಿಕ್ಕಲಿಲ್ಲವೋ ಏನೋ. ಅವಳು ಪೆನ್ಸಿಲನ್ನು ಹೆರೆದು ತಂದು, ನಾನು ಹೇಳಿದ ಕಡೆಗೆ, ಸೆರಾಮಿನ ಕೆಳಗೆ, ಒಂದು ಚುಕ್ಕೆಯಿಟ್ಟು ಅದರ ಪಕ್ಕದಲ್ಲಿ ದುಂಡಾಗಿ ಕನ್ನಡದಲ್ಲಿ ಹೆಸರನ್ನು ಬರೆದಳು.